ಉಪ್ಪು ನೀರು ಮತ್ತು ಕುಂಬಾರರ ನೀಲವ್ವ

ದೇವರು ಕಲ್ಲಿಗೂ ಮಾತು ಕೊಟ್ಟಿದ್ದ ಕಾಲದಲ್ಲಿ ಹಂಸಾವತಿ ಎಂಬ ರಾಜ್ಯವಿತ್ತು. ಕಾಳದಂಡನೆಂಬ ಮಾಂತ್ರಿಕನ ದೆಸೆಯಿಂದ ಅಲ್ಲಿ ಕೆರೆಯ ನೀರು ಮನೆ ಸೇರುವಷ್ಟರಲ್ಲಿ ಉಪ್ಪಾಗುತ್ತಿತ್ತು. ಕೋಟೆಯ ಹೊರಗೆ, ಕೆರೆಯ ಬಳಿಯೇ ಕುಡಿದವರು ಕಲ್ಲಾಗುತ್ತಿದ್ದರು. ರಾಜಕುಮಾರರು ಹೋಗಿ ಕೆರೆಯನ್ನು ಕತ್ತಿಯಿಂದ ಇರಿದು ಬಂದರು. ನೀರಿಗೇನಾದೀತು?

ಕುಂಬಾರರ ನೀಲವ್ವನ ಅತ್ತಿಗೆಗೆ ಎದೆಹಾಲು ಬತ್ತಿತು. ಮೂರು ತಿಂಗಳ ಕೂಸು ಅಳುವುದನ್ನೂ ನಿಲ್ಲಿಸಿತು. ನೀಲವ್ವ ಶಿವನಿಗೆ ಕೈಮುಗಿದು, ಉಪ್ಪು ಸೋಸಲೆಂದು ತೂತಿನ ಕೊಡ ನಲವತ್ತು ಸುಟ್ಟಳು. ನೀರು ಸೋರಿತು, ಉಪ್ಪು ಹೋಗಲಿಲ್ಲ.

ನೀರು ಹೊರುವ ಬಸವ್ವಜ್ಜಿ ನಕ್ಕಳು. “ನಲವತ್ತು ಸುಡೋ ಮುಂಚೆ ಒಂದು ಸುಟ್ಟು ನೋಡಬಾರದಿತ್ತೇನೇ? ದಿನಾ ನೀರು ಹೊರೋ ನನ್ನನ್ನಾದರೂ ಕೇಳಿದ್ಯಾ?”

“ತಪ್ಪಾಯ್ತಜ್ಜಿ. ಈಗ ಹೇಳು.”

“ಕೋಟೆಬಾಗಿಲಿನ ಆಚೆ ಕೊಡ ತುಳುಕಿದ ಕಡೆ ಗರಿಕೆ ಬೆಳೆದಿದೆ. ಈಚೆ ತುಳುಕಿದ ಕಡೆ ಬರೀ ಬಿಳಿ ಉಪ್ಪು.”

ಹಾಗಾದರೆ ಬಾಗಿಲಲ್ಲೇ ಏನೋ ಇದೆ! ನೀಲವ್ವ ಈ ಸಲ ಒಂದೇ ಕೊಡ, ಅದಕ್ಕೊಂದು ಬಿಗಿಯಾದ ಮುಚ್ಚಳ ಮಾಡಿದಳು. ನೀರು ತಂದಳು. ಆದರೂ ಉಪ್ಪೇ. ಆದರೆ ಮುಚ್ಚಳದ ಮೇಲೆ, ಬಾಗಿಲ ಮೇಲಿಂದ ಬಿದ್ದ ಎರಡು ಬೆಚ್ಚನೆಯ ಹನಿ ಇದ್ದವು. ನೆಕ್ಕಿ ನೋಡಿದಳು. ಕಣ್ಣೀರು! ಕಣ್ಣೀರಿಗೆ ಮುಚ್ಚಳ ಯಾವ ಲೆಕ್ಕ?

ಬಾಗಿಲ ಮೇಲೆ ಸಿಂಹಮುಖದ ಕಲ್ಲಿನ ಯಾಳಿಯೊಂದು ಬಾಯ್ತೆರೆದು ಕೂತಿತ್ತು. ನೀಲವ್ವ ಏಣಿ ಹತ್ತಿ, ಹೊಸ ಗಡಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವಂತೆ ಅದರ ಎದೆ ತಟ್ಟಿ ಕಿವಿಗೊಟ್ಟಳು. ಒಳಗೆ ಬಿಕ್ಕು ಕೇಳಿಸಿತು.

“ಯಾಕಪ್ಪಾ ಅಳ್ತೀಯ?”

“ಕಾಳದಂಡ ಗಂಟಲಲ್ಲಿ ಮುಳ್ಳು ನೆಟ್ಟಿದ್ದಾನೆ ತಾಯೀ. ನೀರು ಕಂಡಾಗಲೆಲ್ಲ ನೋವು ಏಳುತ್ತೆ. ಇಷ್ಟು ವರ್ಷದಲ್ಲಿ ಕೇಳಿದವಳು ನೀನೊಬ್ಬಳೇ.”

“ಅಯ್ಯೋ, ಕೈ ಹಾಕಬೇಡವೇ!” ಎಂದು ಕೆಳಗಿನಿಂದ ಅಜ್ಜಿ ಕೂಗಿದಳು.

ನೀಲವ್ವ ಶಿವಶಿವಾ ಎನ್ನುತ್ತಾ, ಸಣ್ಣ ಕುತ್ತಿಗೆಯ ಹೂಜಿಯೊಳಗೆ ಆಡಿಸಿ ಪಳಗಿದ ಕೈಯನ್ನು ಕಲ್ಲಿನ ಹಲ್ಲುಗಳ ನಡುವೆ ತೂರಿಸಿದಳು. ಮುಳ್ಳು ಸಿಕ್ಕಿತು. ಎಳೆದಳು. ತನ್ನ ಪ್ರಾಣವನ್ನೆಲ್ಲ ಆ ಮುಳ್ಳಿನಲ್ಲೇ ಇಟ್ಟಿದ್ದ ಕಾಳದಂಡ ಆ ಕ್ಷಣವೇ ಒಂದು ಹಿಡಿ ಬೂದಿಯಾದ. ಕಲ್ಲಾದವರು ಆಕಳಿಸುತ್ತಾ ಎದ್ದರು. ನೀರು ಎಳನೀರಿನಂತಾಯಿತು.

“ಯಾವ ಮಂತ್ರ ಹಾಕಿದೆ ಮಗಳೇ?” ಎಂದು ರಾಜ ಕೇಳಿದ.

“ಮಂತ್ರ ನನಗೆಲ್ಲಿಂದ ಬರಬೇಕು ಬುದ್ಧೀ? ಎರಡು ಸಲ ಮಾಡಿದ ಕೆಲಸ ಕೆಟ್ಟಿತು. ಕೆಟ್ಟಿದ್ದು ಎಲ್ಲಿ ಅಂತ ಕೇಳ್ತಾ ಹೋದೆ. ಮಿಕ್ಕಿದ್ದು ಶಿವನ ದಯೆ.”

ಅತ್ತಿಗೆ ನೀರು ಕುಡಿದಳು, ಎದೆಹಾಲು ಇಳಿಯಿತು. ಕೂಸು ಹೊಟ್ಟೆತುಂಬ ಕುಡಿದು ಊರಿಗೇ ಕೇಳುವಂತೆ ಅತ್ತಿತು. ಊರೆಲ್ಲ ನಕ್ಕಿತು.

ತೂತಿನ ಆ ನಲವತ್ತು ಕೊಡಗಳು? ಅವುಗಳೊಳಗೆ ದೀಪವಿಟ್ಟು ಯಾಳಿಯ ಸುತ್ತ ತೂಗುಹಾಕಿದರು. ಅವುಗಳ ಬೆಳಕಿನಲ್ಲಿ ಹಂಸಾವತಿಯವರು ನೂರು ಕಾಲ ಸುಖವಾಗಿ ಬಾಳಿದರು. ಆ ಶಿವನ ಬೆಳಕು ನಿಮ್ಮ ಹೊಸ್ತಿಲಲ್ಲೂ ಇರಲಿ.