ಬಿಂದುವಿನಾಚೆ ಒಂಬತ್ತುಗಳು

“ಈ ಒಂಬತ್ತುಗಳನ್ನ ನೀವೇ ಸಾಕ್ತಿದೀರಾ, ಹೇಗೆ?”

ಶಿವಕಿರಣ್ ಮೊಬೈಲನ್ನು ರಾಜಶ್ರೀಯ ಮೂಗಿನ ಹತ್ತಿರಕ್ಕೇ ಹಿಡಿದಿದ್ದ. ಕಂಪನಿಯೇ ಮಾಡಿದ ಕ್ಯಾಲ್ಕುಲೇಟರಿನಲ್ಲಿ 0.1ಕ್ಕೆ 0.7 ಕೂಡಿಸಿದ್ದ. 0.8 ಬರಬೇಕಾದಲ್ಲಿ 0.7999999 ಎಂಬ ಉದ್ದ ಬಾಲ. ಅವನ ತುಟಿಯಲ್ಲಿ ತುಂಟನಗೆ. ಕಣ್ಣು ಮಾತ್ರ, ಇವಳು ನಗುತ್ತಾಳೋ ಇಲ್ಲವೋ ಎಂದು ಅಳುಕುತ್ತಿತ್ತು.

ಅವಳು ನಗಲಿಲ್ಲ. ಬಿಟಿಎಂ ಲೇಔಟಿನ ಆ ಪುಟ್ಟ ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ಅವಳ ಕೆಲಸ. ಈ ತಪ್ಪು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಹೇಳಿರಲಿಲ್ಲ.

ಉತ್ತರವನ್ನು ಪರದೆಗೆ ಹೊಂದಿಸುವ ಕೋಡ್ ಬಸವಂತ ಬರೆದದ್ದು. ಬಾಗಲಕೋಟೆಯವನು, ಅವಳೊಂದಿಗೆ ಮದುವೆ ನಿಶ್ಚಯವಾಗಿದ್ದವನು. ಪರದೆಯಲ್ಲಿ ಹಿಡಿಯದ ಅಂಕಿಗಳನ್ನು ಅವನ ಕೋಡ್ ಕತ್ತರಿಸಿಬಿಡುತ್ತಿತ್ತು; ಹತ್ತಿರದ ಅಂಕಿಗೆ ಏರಿಸುವ ಕೆಲಸ ಇನ್ನೂ ಬಾಕಿ ಎಂದು ಅವನೇ ಹೇಳಿದ್ದ. “ಯಾರ್ ನೋಡ್ತಾರೆ, ಕಳ್ಸು,” ಅಂದಿದ್ದರು ಮ್ಯಾನೇಜರ್ ಸಂಜೀವಯ್ಯ. ನಿದ್ದೆಗೆಟ್ಟು ಆದಷ್ಟನ್ನೇ ಕಳಿಸಿ, ಇಟ್ಟಮಡುವಿನ ರೂಮಿಗೆ ಬೈಕಿನಲ್ಲಿ ಹೊರಟ ಬಸವಂತ ಮುಟ್ಟಲೇ ಇಲ್ಲ. ಅಪಘಾತವಾದದ್ದು ಆಫೀಸಿನ ಹೊರಗೆ ಎಂದು ಕಂಪನಿ ಕೈತೊಳೆದುಕೊಂಡಿತು. ಕ್ಯಾಲ್ಕುಲೇಟರಿನ ಕೋಡಿನಲ್ಲಿ ಬರೆದವನೆಂದು ಇದ್ದ ಅವನ ಹೆಸರನ್ನೂ ಅಳಿಸಿತು. ದುಡಿಸಿಕೊಳ್ಳಲು ಸಾವಿರ ಕೈಯಿದ್ದವರಿಗೆ ಹೆಣ ಹೊರಲು ಒಂದು ಹೆಗಲಿರಲಿಲ್ಲ.

ಒಂಬತ್ತುಗಳು ಮಾತ್ರ ಉಳಿದಿದ್ದವು. ಬೆಳಿಗ್ಗೆ ಬಂದವಳೇ ಆ ಲೆಕ್ಕ ಒತ್ತಿದರೆ ಸಾಲಾಗಿ ಬಂದು ನಿಲ್ಲುತ್ತಿದ್ದವು. ಕುರ್ಚಿಯ ಹಿಂದೆ ಯಾರೋ ಬಗ್ಗಿ ನೋಡುತ್ತಿರುವಂತೆ ಅವಳ ಕುತ್ತಿಗೆ ಬೆಚ್ಚಗಾಗುತ್ತಿತ್ತು.

“ಕಸ್ಟಮರ್ ಕಂಪ್ಲೇಂಟ್ ಮಾಡಿದಾರೆ,” ಬಸವಂತನ ಜಾಗಕ್ಕೆ ಬಂದಿದ್ದ ಶಿವಕಿರಣನ ದನಿ ತಗ್ಗಿತು. “ಹಳೇ ಹುಡುಗನ ತಪ್ಪು ಅಂತ ಸಂಜೀವಯ್ಯ ಸಾರ್ ಅವ್ರಿಗೆ ಹೇಳ್ತಾರಂತೆ. ಬಸವಂತ ಅವ್ರ ಕೋಡೆಲ್ಲ ಕಿತ್ತು ಹಾಕು ಅಂದ್ರು.”

“ಕಿತ್ತು ಹಾಕ್ತೀರೇನ್ರಿ?”

“ನೀವೇ ಹೇಳಿ.”

“ಅಂವ ಅದರಾಗ ಇನ್ನೂ ಅದಾನ್ರಿ. ಬೇಕಾದ್ರ ಹುಚ್ಚಿ ಅನ್ರಿ.”

“ನಾನ್ಯಾರು ಹುಚ್ಚಿ ಅನ್ನೋಕೆ? ದಿನಾ ನಿಮ್ ಕಾಫಿ ತಣ್ಣಗಾಗೋದನ್ನ ನೋಡ್ತಾ, ನನ್ ಕಾಫೀನೂ ತಣ್ಣಗೆ ಮಾಡ್ಕೊಳ್ಳೋನು.”

ಬಾಯಿ ಜಾರಿತೆಂದು ಗೊತ್ತಾಗಿ ಅವನ ಕಿವಿ ಕೆಂಪಾಯಿತು. ಕುರ್ಚಿ ಎಳೆದು ಕೂತು ಕೀಬೋರ್ಡಿನ ಕಡೆ ತಿರುಗಿದ.

“ಕೀಳೋದು ಬೇಡ. ಕತ್ತರಿಸೋ ಮುಂಚೆ, ಕೊನೇ ಅಂಕಿಯ ಬೆಲೇಲಿ ಅರ್ಧ ಸೇರಿಸ್ತೀನಿ, ಒಂಬತ್ತುಗಳು ತಾವೇ ಮೇಲಕ್ಕೆ ಉರುಳ್ತವೆ. ಒಂದೇ ಸಾಲು. ಆಮೇಲೆ ಕತ್ತರಿ ಬಸವಂತ ಅವ್ರೇ ಆಡಿಸ್ಲಿ.”

ಬರೆದು ಮೊಬೈಲು ಅವಳ ಕೈಗಿತ್ತ. ಒತ್ತಿದಳು. 0.8.

ಕುತ್ತಿಗೆ ತಣ್ಣಗಾಯಿತು. ಬಸವಂತ ಇನ್ನೊಮ್ಮೆ ಸತ್ತನೇನೋ ಅನಿಸಿತು. ಶಿವಕಿರಣನ ಅಂಗೈ ಮೇಜಿನ ಮೇಲೆ ಸುಮ್ಮನೆ ತೆರೆದುಕೊಂಡಿತ್ತು, ಯಾವ ಆತುರವೂ ಇಲ್ಲದೆ. ಅದರ ಮೇಲೆ ತನ್ನ ಕೈಯಿಟ್ಟು, ಒಮ್ಮೆ ಒತ್ತಿ, ಎದ್ದು ನೇರ ಮ್ಯಾನೇಜರ್ ರೂಮಿಗೆ ನಡೆದಳು.

“ಸರ್, ತಪ್ಪು ಬಸವಂತಂದಲ್ರಿ. ಕೆಲಸ ಬಾಕಿ ಐತಿ ಅಂತ ಹೇಳಿದ್ದ. ಕಳಸು ಅಂದವ್ರು ನೀವು. ಗೊತ್ತಿದ್ದೂ ಮುಚ್ಚಿಟ್ಟಾಕಿ ನಾ.”

ಸಂಜೀವಯ್ಯ ಬಾಗಿಲ ಕಡೆ ನೋಡಿ ದನಿ ಇಳಿಸಿದರು. “ಸತ್ತೋನಿಗೆ ಏನಮ್ಮಾ ಲಾಸು? ಹೋಗೋದು ನಿನ್ ಕೆಲ್ಸ.”

“ಹೋಗ್ಲಿ ಬಿಡ್ರಿ. ಜೀವ ತೊಗೊಂಡ್ರಿ, ಹೆಸರೂ ತೊಗೊಂಡ್ರಿ. ಈಗ ಕಳಂಕ ಒಂದ ಕೊಡ್ತೀರೇನು ಅವಗ?”

“ಸಾರ್,” ಬಾಗಿಲಲ್ಲಿ ಶಿವಕಿರಣ್ ನಿಂತಿದ್ದ. “ಅವ್ರ ಕೋಡ್ ಇಲ್ದೆ ನನ್ ಸಾಲು ನಡೆಯಲ್ಲ. ಅವ್ರ ಹೆಸರು ವಾಪಸ್ ಹಾಕಿದೀನಿ. ತೆಗೀಬೇಕಂದ್ರೆ ನನ್ನನ್ನೂ ತೆಗೀರಿ.”

ಸಂಜೆಗೆ ಇಬ್ಬರ ಕೆಲಸವೂ ಹೋಗಿತ್ತು. ಹೆಸರು ಮಾತ್ರ ಉಳಿಯಿತು. ಆ ಕೋಡ್ ಮುಟ್ಟುವ ಧೈರ್ಯವಿದ್ದವರು ಆಫೀಸಿನಲ್ಲಿ ಇನ್ಯಾರೂ ಇರಲಿಲ್ಲ.

“ಈಗ ಎಲ್ಲಿಗೆ?” ಕೇಳಿದ, ಮೆಟ್ಟಿಲಿಳಿಯುತ್ತ.

“ಎಲ್ಲಿಗರೆ ನಡೀರಿ, ಬರ್ತೀನಿ. ಆದ್ರ ನಾ ಒಬ್ಬಾಕಿನ ಬರಾಂಗಿಲ್ರಿ, ಅಂವನೂ ಬರ್ತಾನ.”

“ಗೊತ್ತು.”

ಫುಟ್‌ಪಾತ್ ಇಕ್ಕಟ್ಟಾಗಿತ್ತು. ಶಿವಕಿರಣ್ ರಸ್ತೆಗಿಳಿದು, ಇಬ್ಬರ ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು, ಅವಳ ಹೆಜ್ಜೆಗೆ ಹೆಜ್ಜೆ ಹಾಕಿದ.