ಕೇಳದೆ ಮಾರಿದ ಕುರಿಗಳು

"ಅತ್ತೇ, ನನ್ನ ಕುರಿಗಳೆಲ್ಲಿ?"

ಶಶಿಕಲಾ ದೊಡ್ಡಿಯ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಸೊಂಟದ ಮೇಲೆ ಮಗಳು ಅರ್ಚನಾ, ಕೈಯಲ್ಲಿ ಹುರುಳಿ ಹೊಟ್ಟಿನ ಬುಟ್ಟಿ. ಒಳಗೆ ಮೊಲೆ ಬಿಡದ ಮರಿಗಳು ತಾಯಿಗಾಗಿ ಒಂದೇ ಸಮನೆ ಅರಚುತ್ತಿದ್ದವು. ಅಲ್ಲಾ, ತಾಯಿಯನ್ನು ಮಾರುವವರು ಮರಿಯನ್ನಾದರೂ ಜೊತೆಗೆ ಕಳಿಸಬಾರದೇ! ಅಷ್ಟೊಂದು ಅವಸರವಾಗಿತ್ತು ಮುತ್ತಮ್ಮನಿಗೆ.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಮುತ್ತಮ್ಮ ತಲೆ ಎತ್ತಲಿಲ್ಲ. "ಮಾರ್ಬುಟ್ಟೆ. ಪೆರುಮಾಳ್ ಯಾಪಾರಿಗೆ ಕೊಟ್ಬುಟ್ಟೆ. ವನಿತಾ ಇಮಾನದ ಟ್ರೈನಿಂಗಿಗೆ ದುಡ್ಡು ಕಟ್ಬೇಕಲ್ಲ, ಇನ್ನೆಲ್ಲಿಂದ ತರಾನ?"

"ಅವು ನನ್ನ ಕಿವಿಗುರುತಿನವು ಅತ್ತೆ! ನಮ್ಮಪ್ಪನ ಮನೆಯಿಂದ ಬಂದವು... ಅದ್ರಾಗೆ ಅರ್ಚನಾದೂ ಇತ್ತು..."

"ನಿಂದು ನಂದು ಅಂತ ಬೇರೆ ಐತಾ? ಈ ಮನೆ ಅನ್ನಾನೇ ತಾನೇ ನೀನೂ ತಿನ್ನೋದು?"

ಈ ಮಾತು ಆಡಬಾರದಿತ್ತು. ಅವರ ಕಡೆ ಹೆಣ್ಣುಮಗು ಹುಟ್ಟಿದರೆ ಒಂದು ಹೆಣ್ಣುಮರಿಯ ಕಿವಿಯನ್ನು ಸಣ್ಣಗೆ ಸೀಳಿ, ಇದು ಇವಳದು ಎಂದು ಬಿಡುತ್ತಾರೆ. ಅದು ಈದ ಮರಿ, ಆ ಮರಿ ಈದ ಮರಿ, ಎಲ್ಲವೂ ಅವಳದೇ. ಮದುವೆಯಾದರೆ ಅವಳ ಹಿಂದೆಯೇ ಗಂಡನ ಮನೆಗೆ ಬರುತ್ತವೆ. ಮಾರುವುದಾದರೆ ಅವಳೇ ತನ್ನ ಕೈಯಾರೆ ಹಣೆಗೆ ಅರಿಶಿನ ಹಚ್ಚಿ ಕಳಿಸಬೇಕು. ಅದರ ಮೇಲೆ ಗಂಡನಿಗೇ ಹಕ್ಕಿಲ್ಲ, ಅತ್ತೆಗಂತೂ ಇಲ್ಲವೇ ಇಲ್ಲ. ಮುತ್ತಮ್ಮನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಅವಳ ಸ್ವಂತ ಕುರಿಗಳು, ಮಗಳು ವನಿತಾಳ ಕುರಿಗಳು, ಎಲ್ಲವೂ ವನಿತಾಳ ಪೈಲಟ್ ಲೈಸೆನ್ಸಿನ ಓದಿಗೆಂದು ಹಾಗೆ ಅರಿಶಿನ ಹಚ್ಚಿಸಿಕೊಂಡೇ ಹೋಗಿದ್ದವು. ಉಳಿದಿದ್ದು ಸೊಸೆಯವು ಮಾತ್ರ. ನಿನ್ನೆ ಅವಳು ನೆಂಟರ ಮದುವೆಗೆಂದು ಎಡಪ್ಪಾಡಿಗೆ ಹೋದದ್ದೇ ತಡ, ಮುತ್ತಮ್ಮ ವ್ಯಾಪಾರಿಗೆ ಫೋನ್ ಮಾಡಿಸಿದ್ದಳು.

ಶಶಿಕಲಾ ಗಂಡನ ಕಡೆ ತಿರುಗಿದಳು. ಮಾದೇಶ್ ಟೊಮೇಟೊ ಸಾಗಿಸುವ ತನ್ನ ಟೆಂಪೊದ ಗಾಜನ್ನು ಒರೆಸಿದ್ದನ್ನೇ ಒರೆಸುತ್ತಿದ್ದ.

"ನೀವೇ ಟೆಂಪೊಗೆ ಅತ್ಸಿ ಕಳ್ಸಿದ್ರಾ?"

"ಅವ್ವ ಏಳಿದ್ಲು... ನಿಂಗೂ ಏಳಿರ್ತಾಳೆ ಅಂದ್ಕೊಂಡೆ..."

ಪಾಪ, ನೆಟ್ಟಗೆ ಸುಳ್ಳು ಹೇಳಲೂ ಬಾರದ ಗಂಡಸು! ಶಶಿಕಲಾ ಮಗಳನ್ನು ಇಳಿಸಿ, ಬುಟ್ಟಿ ಕೆಳಗಿಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ದೊಡ್ಡಿಯ ಗೋಡೆಗೆ ಒರಗಿ ಬಿಕ್ಕಿದಳು.

ಆ ಹೊತ್ತಿಗೇ ಬಂದಳು ವನಿತಾ, ಸೇಲಂ ಬಸ್ಸಿಳಿದು, ನಗುನಗುತ್ತಾ. ದುಡ್ಡು ರೆಡಿಯಾಗಿದೆ ಬಾ ಎಂದು ಅಣ್ಣ ಹೇಳಿದ್ದನಲ್ಲ! ಲೈಸೆನ್ಸ್ ಕೈಗೆ ಬಂದು ವರ್ಷವಾಗಿತ್ತು. ಆದರೆ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಯಾರು ದೊಡ್ಡ ವಿಮಾನ ಕೈಗೆ ಕೊಡುತ್ತಾರೆ? ವಿಮಾನದ ಕಂಪೆನಿಯೇ ನಡೆಸುವ ಟ್ರೈನಿಂಗಿಗೆ ಕೇಳಿದಷ್ಟು ಸುರಿದು ಬೇಗ ಸೇರಿಕೊಳ್ಳಬೇಕು. ಇಲ್ಲವೇ ಪುಟ್ಟ ವಿಮಾನದಲ್ಲಿ ಹೊಸಬರಿಗೆ ಕಲಿಸುತ್ತಾ, ಹಾರಿದ ಗಂಟೆಗಳನ್ನು ಒಂದೊಂದಾಗಿ ಕೂಡಿಸುತ್ತಾ ಕಾಯಬೇಕು. ಅವಳಿಗೆ ಕಲಿಸಿದ ಅರುಣಾಚಲಂ ಸರ್, ಸೇಲಂನ ತಮ್ಮ ಹಾರಾಟದ ಶಾಲೆಯಲ್ಲೇ ಸಹಾಯಕಿಯಾಗಿ ಇರು ಎಂದು ಕರೆದಿದ್ದರು. ಮುತ್ತಮ್ಮ ಮಾತ್ರ ಕಂಪೆನಿಯ ಟ್ರೈನಿಂಗೇ ಆಗಬೇಕೆಂದು ಹಟ ಹಿಡಿದಿದ್ದಳು.

"ಯಾಕತ್ತಿಗೆ? ಏನಾಯ್ತು?"

ಶಶಿಕಲಾ ಏನೂ ಇಲ್ಲವೆಂದು ತಲೆಯಾಡಿಸಿದಳು. ಹೇಳಿದ್ದು ಅರ್ಚನಾ. "ವನಿತತ್ತೆ, ನನ್ ಕುರಿ ನಿನ್ ಇಮಾನಕ್ಕೆ ಓಯ್ತು."

ವನಿತಾಳ ಮುಖದ ನಗು ಇಳಿಯಿತು. ಖಾಲಿ ದೊಡ್ಡಿ ನೋಡಿದಳು, ಅರಚುವ ಮರಿಗಳನ್ನು ನೋಡಿದಳು, ಅಣ್ಣನ ಬಗ್ಗಿದ ತಲೆ ನೋಡಿದಳು. ಎಲ್ಲಾ ಅರ್ಥವಾಯಿತು.

"ಅವ್ವಾ! ಅತ್ತಿಗೆ ಕುರೀನಾ? ಕೇಳ್ದೆನೇನಾ? ನಂಗೆ ಈ ದುಡ್ಡು ಬ್ಯಾಡ. ಇದ್ರಾಗೆ ಟ್ರೈನಿಂಗ್ ಮುಗಿಸ್ಕಂಡು ಇಮಾನದಾಗೆ ಕೂತ್ರೆ, ಈ ಮಗೀನ ಮುಖ ಎಂಗೆ ನೋಡ್ಲಿ ನಾನು?"

"ಬ್ಯಾಡ ಅಂದ್ರೆ ಬುಡ್ತೀನಾ? ಕಡೇ ದಿನ ಬಂತು ಅಂತ ನೀನೇ ಏಳಿದ್ದಲ್ಲ, ಓಗಿ ಕಟ್ಟು!"

"ಯಾಕವ್ವಾ ನಿಂಗಿಷ್ಟು ಅವಸರ? ಎರಡ್ಮೂರು ವರ್ಷ ತಡ ಆದ್ರೆ ಆಕಾಶ ಏನು ಓಡೋಯ್ತೈತಾ?"

"ಆಕಾಶ ಇರ್ತೈತೆ ಕಣೇ... ನಾನಿರಾಕಿಲ್ಲ!"

ಅವರೆಕಾಯಿಯ ಮೊರ ಮಡಿಲಿಂದ ಜಾರಿ ಬಿತ್ತು. ಮುತ್ತಮ್ಮ ಮೊದಲ ಬಾರಿಗೆ ತಲೆ ಎತ್ತಿದಳು. ಕಣ್ಣು ತುಂಬಿ ಬಂದಿತ್ತು.

"ಎದೆ ವೀಕಾಗೈತೆ ಅಂದ್ರು ಸೇಲಂ ಡಾಕ್ಟ್ರು. ಮಂಡಿ ನೋವಿಗೆ ಅಂತ ಓಗಿದ್ನಲ್ಲ, ಆವತ್ತು. ಯಾರಿಗೂ ಏಳ್ಲಿಲ್ಲ. ನಿಮ್ಮಪ್ಪಂತೂ ನೋಡ್ದೆ ಓದ. ನಾನಾದ್ರೂ ನಿನ್ನ ಆ ಬಿಳಿ ಅಂಗೀಲಿ, ಭುಜದ ಮೇಲೆ ಪಟ್ಟಿ ಇಟ್ಕೊಂಡಿರೋದನ್ನ ನೋಡ್ಬುಟ್ಟು ಕಣ್ಮುಚ್ಬೇಕು ಅಂತ... ಅದೊಂದೇ ಕಣವ್ವಾ ನನ್ನಾಸೆ. ಸೊಸೆ ಬಯ್ಯಲಿ, ಊರು ಬಯ್ಯಲಿ, ಬಯ್ಯಿಸ್ಕೊಳಾನ ಅಂತಲೇ ಮಾರ್ದೆ."

ವನಿತಾ ಅವ್ವನ ಮುಂದೆ ಕುಸಿದು ಕುಳಿತಳು. ಈಗ ಏನು ಹೇಳಬೇಕು ಅವಳು? ಒಂದು ಕಡೆ ಹೆತ್ತವಳ ಆಯಸ್ಸು, ಇನ್ನೊಂದು ಕಡೆ ಗೋಡೆಗೊರಗಿ ಅಳುತ್ತಿರುವ ಅತ್ತಿಗೆ. ಶತ್ರುವಿಗೂ ಬೇಡಪ್ಪಾ ಇಂಥ ಸಂಕಟ!

ಆಗ ಶಶಿಕಲಾ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಜಗಳಕ್ಕೆ ಬಂದಳೆಂದು ಮುತ್ತಮ್ಮ ಮೈ ಬಿಗಿ ಮಾಡಿಕೊಂಡಳು. ಶಶಿಕಲಾ ಕೆಳಗೆ ಬಿದ್ದಿದ್ದ ಮೊರ ಎತ್ತಿ ಪಕ್ಕಕ್ಕಿಟ್ಟಳು, ಅಷ್ಟೇ.

"ಅತ್ತೆ, ಕುರಿ ಓಯ್ತು ಅಂತ ಅಳ್ಲಿಲ್ಲ ನಾನು. ಕೇಳಿದ್ರೆ ಕೊಡ್ತಿದ್ದೆ. ನಾನೇ ಅರಿಶಿನ ಅಚ್ಚಿ ಕಳಿಸ್ತಿದ್ದೆ. ಬಂದು ಇಷ್ಟು ವರ್ಷ ಆಯ್ತು... ಒಂದ್ಸಲ, ಒಂದೇ ಒಂದ್ಸಲ ಏನಮ್ಮಾ ನೀನೇನಂತೀಯಾ ಅಂತ ಕೇಳಿದ್ರಾ ನನ್ನ?" ನಾದಿನಿಯ ಕಡೆ ತಿರುಗಿದಳು. "ಪರವಾಯಿಲ್ಲ ವನಿತಾ. ಈಗ ನಾನೇ ಏಳ್ತಾ ಇದೀನಿ, ತಗೋ. ಅವ್ವ ನೋಡ್ಲಿ."

ಮುತ್ತಮ್ಮನಿಗೆ ಕೆನ್ನೆಗೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ವನಿತಾ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಅವ್ವನ ಮೊಣಕಾಲ ಮೇಲೆ ಕೈಯಿಟ್ಟಳು.

"ಅವ್ವಾ, ಸುಳ್ಳು ಏಳಾಕಿಲ್ಲ. ದುಡ್ಡು ಕಟ್ಟಿದ್ರೆ ಬೇಗ ಆಯ್ತೈತೆ. ಸರ್ ಅತ್ರ ಸೇರ್ಕೊಂಡ್ರೆ ನಿಧಾನ. ಅದಕ್ಕೂ ಒಂದು ಪರೀಕ್ಷೆ ಬರೀಬೇಕು, ಆಮೇಲೆ ದಿನಾ ಒಂದು ಗಂಟೆ, ಎರಡು ಗಂಟೆ, ಅಂಗೇ ಸೇರ್ಬೇಕು. ಆದ್ರೆ ನೀನೀ ಮನೆಗೆ ಬಂದಾಗ ಎಷ್ಟು ಕುರಿ ತಂದಿದ್ದೆ?"

"...ಒಂದೇ."

"ಮಂದೆ ಆಗಾಕೆ ಎಷ್ಟು ವರ್ಷ ಕಾದೆ? ಯಾರ ಮಂದೆಗಾದ್ರೂ ಕೈ ಆಕಿದ್ಯಾ?"

ಮುತ್ತಮ್ಮನ ಕಣ್ಣು ದೊಡ್ಡಿಯ ಕಡೆ ಹೋಯಿತು.

"ನಾನೂ ಅಂಗೇ ಮೇಲೆ ಬರ್ತೀನವ್ವಾ. ನೀನಿರೋದ್ರೊಳಗೆ ಆಗ್ದೆ ಓದ್ರೆ... ಆ ನೋವು ನಾನು ಸಾಯೋಗಂಟ ಇಟ್ಕೊಂಡಿರ್ತೀನಿ. ಅತ್ತಿಗೆ ಕುರಿ ಬ್ಯಾಡ."

ಮರಿಗಳು ಅರಚುತ್ತಲೇ ಇದ್ದವು. ಕೊನೆಗೆ ಮುತ್ತಮ್ಮ ಕಂಬ ಹಿಡಿದು ಎದ್ದಳು. "ಮಾದೇಶಾ, ಟೆಂಪೊ ತೆಗಿ. ಪಾಲಕೋಡು ಸಂತೆಗೆ ಓಗಾನ, ಯಾಪಾರಿ ಅಲ್ಲಿರ್ತಾನೆ. ನಾನೂ ಬರ್ತೀನಿ."

ಪೆರುಮಾಳ್ ವ್ಯಾಪಾರಿ ಬಿಡುತ್ತಾನೆಯೇ? ಸಂತೆಗೆ ಬಂದವರೆಲ್ಲರ ಮುಂದೆ, "ಏನಜ್ಜೀ, ಸೊಸೆ ಕಿವಿಗುರುತಿನ ಕುರೀನಾ ಕದ್ದು ಮಾರಿದ್ದು?" ಎಂದು ಕೇಳಿಯೇ ಬಿಟ್ಟ. ಊರಿಗೆಲ್ಲಾ ನ್ಯಾಯ ಹೇಳುತ್ತಿದ್ದ ಮುತ್ತಮ್ಮ ತುಟಿ ಪಿಟಕ್ಕೆನ್ನದೆ ನಿಂತು ಕೇಳಿಸಿಕೊಂಡಳು. ಹಣ ಹಿಂದಿರುಗಿಸಿ ಕುರಿಗಳನ್ನು ಬಿಡಿಸಿಕೊಂಡಳು. ಅರ್ಚನಾಳದು ಮಾತ್ರ ಬೆಳಿಗ್ಗೆಯೇ ಲಾರಿ ಹತ್ತಿ ಹೋಗಿತ್ತು. ಅದರ ಹೆಣ್ಣುಮರಿಯೊಂದು ದೊಡ್ಡಿಯಲ್ಲಿ ಉಳಿದಿತ್ತಲ್ಲ, ಅದಷ್ಟೇ ಪುಣ್ಯ.

ಟೆಂಪೊ ಬಂದು ನಿಂತಾಗ ಶಶಿಕಲಾ ಓಡಿ ಬಂದಳು. ಕುರಿಗಳು ಧುಮುಕಿ ಮರಿಗಳ ಕಡೆ ನುಗ್ಗಿದವು. ಮುತ್ತಮ್ಮ ಮೆಲ್ಲಗೆ ಇಳಿದು ಸೊಸೆಯ ಎದುರು ನಿಂತಳು.

"ಮಗೀನ ಕುರಿ ಸಿಗ್ಲಿಲ್ಲ ಕಣಮ್ಮಾ. ತಪ್ಪಾಯ್ತು. ಅದ್ರ ಮರಿಗೆ ನಾನೇ ಬಾಟ್ಲಿ ಹಾಲು ಕುಡ್ಸಿ ಸಾಕ್ತೀನಿ... ಸಾಕ್ಲಾ?"

ಅವಳು ಸೊಸೆಯ ಒಪ್ಪಿಗೆ ಕೇಳಿದ್ದು ಅದೇ ಮೊದಲು. ಶಶಿಕಲಾ ಅತ್ತೆಯ ಭುಜಕ್ಕೆ ತಲೆಯಾನಿಸಿ ಗಟ್ಟಿಯಾಗಿ ಅತ್ತುಬಿಟ್ಟಳು.

ಆರು ತಿಂಗಳು ಕಳೆದವು. ವನಿತಾ ಪರೀಕ್ಷೆ ಪಾಸು ಮಾಡಿ ಅರುಣಾಚಲಂ ಸರ್ ಬಳಿ ಸೇರಿಕೊಂಡಳು. ಡಾಕ್ಟರಿಗೆ ಎದೆ ತೋರಿಸಲು ಸೇಲಂಗೆ ಬಂದ ಮುತ್ತಮ್ಮನನ್ನು ಶಶಿಕಲಾ ಹಾಗೆಯೇ ವಿಮಾನ ಹಾರಿಸುವ ಮೈದಾನದ ಬೇಲಿಯ ತನಕ ಕರೆದುಕೊಂಡು ಬಂದಳು. ಪುಟ್ಟ ವಿಮಾನವೊಂದು ಕುಪ್ಪಳಿಸುತ್ತಾ ಇಳಿಯಿತು. ವನಿತಾ ಕಲಿಯುವ ಹುಡುಗಿಯ ಜೊತೆ ಹೊರಬಂದು, ಇವರನ್ನು ಕಂಡು ಓಡೋಡಿ ಬಂದಳು. ಮೈಮೇಲೆ ಬೆವರಿನ ಮಾಮೂಲಿ ಷರ್ಟು, ಕಾಲಿಗೆ ಧೂಳು ಹತ್ತಿದ ಬೂಟು.

ಮುತ್ತಮ್ಮ ಬೇಲಿಯ ತಂತಿಯ ಸಂದಿಯಿಂದ ಮಗಳ ಕೈ ಹಿಡಿದಳು. "ದೊಡ್ಡ ಇಮಾನಕ್ಕೆ ಇನ್ನೆಷ್ಟು ದಿನ ಮಗಾ?"

ವನಿತಾಳ ಕಣ್ಣು ತುಂಬಿತು. "ಇನ್ನೂ ಎರಡು ವರ್ಷ ಆಗ್ಬೋದವ್ವಾ... ಮೂರೂ ಆಗ್ಬೋದು."

ಡಾಕ್ಟರು ಏನೆಂದರು ಎಂದು ವನಿತಾ ಕೇಳಲಿಲ್ಲ, ಮುತ್ತಮ್ಮನೂ ಹೇಳಲಿಲ್ಲ.

"ಆಗ್ಲಿ ಬುಡು," ಅಂದಳು. "ಇರಾಕೆ ನೋಡ್ತೀನಿ. ನೀನು ಉಷಾರಾಗಿ ಓಡ್ಸು."

ಅಷ್ಟು ಹೇಳಿ, ಶಶಿಕಲಾಳ ತೋಳು ಹಿಡಿದುಕೊಂಡು ಬಸ್ ಸ್ಟಾಪಿನ ಕಡೆ ನಿಧಾನವಾಗಿ ನಡೆದಳು.