ಚಿಕ್ಕ ಮೇಸ್ತ್ರಿಗೆ ಹೇಳಿಕೊಡದ ಕೆಲಸ

"ಇದನ್ನ ರಬ್ಬರ್ ಅಂತಾರಾ? ನೆನೆದ ಬಿಸ್ಕತ್ತು ಇದಕ್ಕಿಂತ ಗಟ್ಟಿ ಇರುತ್ತೆ!"

ಊದಿಕೊಂಡು ಹರಿದಿದ್ದ ಬುಷ್, ಟ್ಯಾಕ್ಸಿಯ ಚಕ್ರದ ಬಳಿ ರಸ್ತೆಯ ಏಟು ತಡೆಯುವ ರಬ್ಬರ್ ಬಳೆ, ಕೌಂಟರಿನ ಮೇಲೆ ಬಿದ್ದು ಉರುಳಿತು. ಅಂಗಡಿಯವನು ಅದನ್ನು ಹಿಡಿಯಲು ಹೋಗಲಿಲ್ಲ. ಎಸೆದವಳ ಮುಖವನ್ನೇ ನೋಡುತ್ತಾ ನಿಂತ. ಕೆನ್ನೆಯ ಮೇಲೆ ಗ್ರೀಸು, ಕಣ್ಣಲ್ಲಿ ಕೆಂಡ... ಹಾಳಾದ್ದು, ಬೈಸಿಕೊಳ್ಳುವಾಗಲೂ ಎದೆ ಹೀಗೆ ಹೊಡೆದುಕೊಳ್ಳಬೇಕೇ!

ಅವಳು ಎದುರು ಗ್ಯಾರೇಜಿನ ಮೇಸ್ತ್ರಿಯ ಒಬ್ಬಳೇ ಮಗಳು. ಬೀದಿಯವರು ಅರ್ಧ ಪ್ರೀತಿ, ಅರ್ಧ ಕುಹಕ ಬೆರೆಸಿ 'ಚಿಕ್ಕ ಮೇಸ್ತ್ರಿ' ಎಂದು ಕರೆಯುತ್ತಿದ್ದರು. ಇವನು ಬೀದಿಗೆ ಹೊಸಬ. ಕಾರಿನ ಅಡಿಭಾಗದ ರಬ್ಬರ್ ಸಾಮಾನುಗಳನ್ನೇ ಮಾರುತ್ತಿದ್ದುದರಿಂದ ಬಂದ ವಾರದಲ್ಲೇ 'ಬುಷ್ಷಣ್ಣ' ಆಗಿಬಿಟ್ಟಿದ್ದ.

ಬುಷ್ಷಣ್ಣ ಕೊನೆಗೂ ಬುಷ್ಷನ್ನು ಎತ್ತಿ ಮೂಸಿ ನೋಡಿದ.

"ಎಣ್ಣೆ ಹಚ್ಚಿ ಕೂರಿಸಿದ್ರಾ?"

"ಮತ್ತೆ? ಒಣಗಿದ್ದು ಒಳಗೆ ಹೋಗುತ್ತಾ? ಇಂಜಿನ್ ಎಣ್ಣೆ ಹಚ್ಚು ಅಂತ ಅಪ್ಪನೇ ಹೇಳಿದ್ದು."

"ಮೇಸ್ತ್ರಿ ತಮಾಷೆಗೆ ಅಂದಿರ್ಬೇಕು ಬಿಡಿ. ರಬ್ಬರಿಗೆ ಎಣ್ಣೆ ಅಂದ್ರೆ ವಿಷ ಕಣ್ರೀ. ಊದಿ ಕೊಳೆತು ಹೋಗುತ್ತೆ. ಸೋಪಿನ ನೀರು ಹಚ್ಚಿ ಒತ್ತಿ, ಜಾರ್ಕೊಂಡು ಹೋಗಿ ಕೂತ್ಕೊಳ್ಳುತ್ತೆ."

ಅವಳ ಮುಖ ಕೆಂಪಾಯಿತು. ಸೋಲೊಪ್ಪಲು ಮನಸ್ಸಿಲ್ಲದೆ ಶೆಲ್ಫಿನಲ್ಲಿದ್ದ ಹಳದಿ ಪ್ಲಾಸ್ಟಿಕ್ ಬುಷ್ ತೋರಿಸಿದಳು. "ಹಾಗಿದ್ರೆ ಆ ಗಟ್ಟಿದೇ ಕೊಡಿ."

"ಅದು ರೇಸ್ ಓಡಿಸೋರಿಗೆ. ಅದಕ್ಕೆ ಬೇರೆ ಜಾತಿ ಗ್ರೀಸ್ ಬೇಕು, ಒಣಗಿದ್ರೆ ಕಿರ್ ಕಿರ್ ಅಂತ ಪ್ರಾಣ ತಿನ್ನುತ್ತೆ. ಟ್ಯಾಕ್ಸಿಗೆ ಹಾಕಿದ್ರೆ ರಸ್ತೆ ಗುಂಡಿಯೆಲ್ಲ ಡ್ರೈವರ್ ಸೊಂಟಕ್ಕೇ! ಏಟು ತಿನ್ನೋದು ರಬ್ಬರಿನ ಕೆಲಸ, ಅದು ತಿನ್ಲಿ. ಹಾಕೋವಾಗ ಎರಡೂ ಕಡೆ ಒಟ್ಟಿಗೇ ಹಾಕಿ. ಒಂದು ಹೊಸದು ಒಂದು ಹಳೇದು ಇದ್ರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತೆ."

"ಇಷ್ಟೆಲ್ಲ ಗೊತ್ತಿದ್ದೂ ಅಂಗಡೀಲಿ ಯಾಕೆ ಕೂತಿದೀರಿ?"

"ನಿಮ್ಮಂಥೋರು ಬಂದು ಬೈಲಿ ಅಂತ."

ಅವಳಿಗೆ ನಗು ಬಂತು. ಬಂದ ಕೋಪ ಎಲ್ಲಿ ಹೋಯಿತೋ, ದೇವರಿಗೇ ಗೊತ್ತು!

ಪಾಪ, ಅವಳ ಕೋಪಕ್ಕೂ ಕಾರಣವಿತ್ತು. ಮೊಣಕಾಲು ನೋವೆಂದು ಕುರ್ಚಿ ಹಿಡಿದ ಮೇಸ್ತ್ರಿ ಒಂದು ಷರತ್ತು ಹಾಕಿದ್ದ. "ಒಂದು ವರ್ಷ ಗ್ಯಾರೇಜ್ ನಿನ್ನ ಕೈಗೆ. ದೂರು ಬರದ ಹಾಗೆ ನಡೆಸಿದ್ರೆ ಅದು ನಿಂದೇ. ಬಂತೋ, ಪಾನಾ-ಸ್ಪ್ಯಾನರ್ ಕೆಳಗಿಟ್ಟು ನಾನು ತೋರಿಸಿದವನನ್ನ ಮದುವೆ ಆಗ್ಬೇಕು." ಹುಟ್ಟಿದಾಗಿನಿಂದ ಆ ಗ್ಯಾರೇಜಿನ ಗಾಳಿ ಉಂಡು ಬೆಳೆದವಳು ಅವಳು. ಅದಿಲ್ಲದೆ ಬದುಕುವುದನ್ನು ಊಹಿಸಲೂ ಆಗುತ್ತಿರಲಿಲ್ಲ.

ಆಮೇಲೆ ನೆಪಗಳು ಶುರುವಾದವು. ಒಂದು ನಟ್ ಬೇಕು, ಒಂದು ವಾಷರ್ ಬೇಕು... ಒಂದು ದಿನ ಏನೂ ಬೇಡದೆಯೇ ಬಂದು ಸ್ಟೂಲಿನ ಮೇಲೆ ಕುಳಿತಳು.

ಅವನು ತನ್ನ ಕಥೆ ಹೇಳಿದ. ಅಪ್ಪನ ಮುಖ ನೋಡಿದ ನೆನಪಿಲ್ಲ. ಅಮ್ಮ ಅವರಿವರ ಮನೆಯಲ್ಲಿ ದುಡಿದು ಸಾಕಿದಳು. "ಅಪ್ಪನ ಕೈ ಹಿಡ್ಕೊಂಡು ಹೋಗೋ ಮಕ್ಕಳನ್ನ ಕಂಡ್ರೆ ಈಗ್ಲೂ ಹೊಟ್ಟೆಕಿಚ್ಚು ನಂಗೆ. ಇದನ್ನ ಯಾರಿಗೂ ಹೇಳಿಲ್ಲ."

'ನಂಗೆ ಹೇಳಿದನಲ್ಲ!' ಅವಳ ಎದೆ ತುಂಬಿ ಬಂತು. ಅವತ್ತೇ ಅವನು ಅವಳ ಮನಸ್ಸಿನಲ್ಲಿ 'ನೀನು' ಆದ.

ಅವನು ಮದುವೆಯ ಮಾತೆತ್ತಿದಾಗ ಅವಳೇ ಖುಷಿಯಿಂದ ಅಪ್ಪನಿಗೆ ಹೇಳಿದಳು. ಮೇಸ್ತ್ರಿ ರೇಗಲಿಲ್ಲ. ನಿಧಾನವಾಗಿ ಚಹಾ ಮುಗಿಸಿದ.

"ಅವನ ಸಾಮಾನು ಹಾಕಿದ ಗಾಡಿಗಳೇ ಯಾಕೆ ವಾಪಸ್ ಬರ್ತಿವೆ ಅಂತ ಯೋಚ್ನೆ ಮಾಡಿದೀಯಾ? ನೀನು ಸೋತ್ರೆ ಮನೇಲಿ ಕೂರ್ತೀಯ. ಆಮೇಲೆ ನಿನ್ನ ಕೈಲೇ ನನ್ನನ್ನ ಒಪ್ಪಿಸಿ, ನಿನ್ನ ಕಟ್ಕೊಂಡು ಗ್ಯಾರೇಜ್ ಯಾರು ನಡೆಸೋದು? ಅವನೇ."

"ಛೆ, ಅವನು ಅಂಥೋನಲ್ಲ ಅಪ್ಪಾ..."

"ನಾನು ಯಾಕೆ ಸುಳ್ಳು ಹೇಳ್ಲಿ ಮಗಳೇ?"

ಹೌದಲ್ಲ, ಹೆತ್ತ ಅಪ್ಪ ಯಾಕೆ ಸುಳ್ಳು ಹೇಳುತ್ತಾನೆ? ಆ ಪ್ರಶ್ನೆ ಅವಳ ತಲೆಯಲ್ಲಿ ಹುಳದಂತೆ ಕೊರೆಯತೊಡಗಿತು. ಏಕೆಂದರೆ ಎಣ್ಣೆ ಬಿಟ್ಟು ಸೋಪಿನ ನೀರು ಹಚ್ಚಿದ ಮೇಲೂ ಬುಷ್‌ಗಳು ಹರಿಯುತ್ತಲೇ ಇದ್ದವು. ದೂರು ಏಳುವ ಮೊದಲೇ ಅವಳು ತನ್ನ ಖರ್ಚಿನಲ್ಲಿ ಬದಲಿಸಿಕೊಡುತ್ತಿದ್ದಳು.

ಒಂದು ಬೆಳಿಗ್ಗೆ ಟ್ಯಾಕ್ಸಿ ಮಾಮ ನಡುಗುತ್ತಾ ಬಂದ. ವರ್ಷಗಳ ಗಿರಾಕಿ, ಅವಳನ್ನು ಎತ್ತಿ ಆಡಿಸಿದವನು.

"ಬ್ರೇಕ್ ಒತ್ತಿದ್ರೆ ಗಾಡಿ ಸೀದಾ ಗೋಡೆ ಕಡೆ ಎಳೀತು ಕಣಮ್ಮಾ! ಹಿಂದೆ ನನ್ನ ಮಗಳು, ಮಡಿಲಲ್ಲಿ ಮಗು... ನಿನ್ನ ನಂಬಿದ್ನಲ್ಲಮ್ಮಾ..."

ಗಾಡಿ ಎತ್ತಿ ನೋಡಿದಳು. ಅದೇ ಬುಷ್, ಮತ್ತೆ ಹರಿದಿತ್ತು. ಅದನ್ನು ಬಿಚ್ಚಿ ಕೈಲಿ ಹಿಡಿದು ಸೀದಾ ರಸ್ತೆ ದಾಟಿದಳು.

ಬುಷ್ಷಣ್ಣನ ಅಂಗಡಿಯ ಮುಂದೆ ಆ ಹೊತ್ತಿಗೆ ಬೀದಿಯ ಮೆಕ್ಯಾನಿಕ್‌ಗಳೆಲ್ಲ ಸಾಮಾನಿಗೆ ನಿಂತಿದ್ದರು.

"ಎಲ್ಲರೂ ಕೇಳಿ! ಇವನು ಮಾರೋದು ನಕಲಿ ಮಾಲು! ಇವತ್ತು ಒಂದು ಹಸುಗೂಸು ಸಾಯ್ತಿತ್ತು!"

"ಏನಾಯ್ತು? ಕೊಡಿಲ್ಲಿ..." ಅವನು ಬುಷ್ ತಿರುಗಿಸಿ ನೋಡಿದ. ಹುಬ್ಬು ಗಂಟಾಯಿತು. "ಇದು ಸವೆದಿಲ್ಲ, ತಿರುಚಿ ಹರಿದಿದೆ. ಬೋಲ್ಟ್ ಯಾವಾಗ ಬಿಗಿ ಮಾಡ್ತೀಯ ನೀನು?"

"ನಮ್ಮಪ್ಪ ಹೇಳಿಕೊಟ್ಟ ಹಾಗೇ ಮಾಡ್ತೀನಿ!"

"ಹಾಗಿದ್ರೆ ನಿಮ್ಮಪ್ಪ ಹೇಳಿಕೊಟ್ಟಿದ್ದೇ ತಪ್ಪು. ನೋಡು, ಒಂದ್ನಿಮಿಷ..."

"ಬಾಯ್ಮುಚ್ಚು! ಬೆಳೆಸೋಕೆ ಒಬ್ಬ ಅಪ್ಪ ಇದ್ದಿದ್ರೆ ನಿಂಗೂ ಗೊತ್ತಾಗ್ತಿತ್ತು, ಅಪ್ಪ ಮಗಳಿಗೆ ಮೋಸ ಮಾಡಲ್ಲ ಅಂತ!"

ಯಾರೋ ಕಿಸಕ್ಕೆಂದು ನಕ್ಕರು. ಅವನು ಬುಷ್ಷನ್ನು ಅವಳ ಮುಂದಿಟ್ಟು ಒಳಗೆ ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ಆ ಅಂಗಡಿಗೆ ನೊಣವೂ ಹೋಗಲಿಲ್ಲ. ಅವಳು ಗ್ಯಾರೇಜಿನಿಂದ ಕದ್ದು ನೋಡುತ್ತಿದ್ದಳು. 'ಆಗಬೇಕಾದ್ದೇ ಆಯ್ತು' ಎಂದು ತನಗೇ ಹೇಳಿಕೊಳ್ಳುತ್ತಿದ್ದಳು. ರಾತ್ರಿ ಮಾತ್ರ ದಿಂಬು ಒದ್ದೆಯಾಗುತ್ತಿತ್ತು.

ಮೂರ್ನಾಲ್ಕು ದಿನ ಬಿಟ್ಟು ಮೇಸ್ತ್ರಿ ಅವಳನ್ನು ಮನೆಗೆ ಕಳಿಸಿದ. "ದೂರು ಬಂತಲ್ಲ, ಇನ್ನು ಸಾಕು. ಹಾಗೇ ನಿಂತಿರೋ ಟ್ಯಾಕ್ಸಿ ಕೆಲಸ ನಾನೇ ಮುಗಿಸ್ತೀನಿ."

ಮನೆಯಲ್ಲಿ ಕುಳಿತಿರಲಾಗಲಿಲ್ಲ. ಮಧ್ಯಾಹ್ನ ಅಪ್ಪನ ಊಟದ ಡಬ್ಬಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

ಮೊಣಕಾಲು ನೋವಿನ ಮೇಸ್ತ್ರಿ ಗಾಡಿಯ ಕೆಳಗಿದ್ದ! ಬುಷ್ ಕೂರಿಸಿ ಬೋಲ್ಟನ್ನು ಸಡಿಲವಾಗಿಯೇ ಬಿಟ್ಟ. ಗಾಡಿಯನ್ನು ಲಿಫ್ಟಿನಿಂದ ನೆಲಕ್ಕಿಳಿಸಿ, ಅಡಿಯಲ್ಲಿ ನಿಂತು ಕೆಲಸ ಮಾಡಲು ತೋಡಿದ್ದ ಹಳ್ಳದ ಮೇಲೆ ನಿಲ್ಲಿಸಿದ. ಗಾಡಿಯ ಭಾರವೆಲ್ಲ ಚಕ್ರದ ಮೇಲೆ ಬಂದ ನಂತರ ಹಳ್ಳಕ್ಕಿಳಿದು, ಆಗ ಬೋಲ್ಟ್ ಬಿಗಿದ.

ಅವಳು ಅಷ್ಟು ದಿನ ಬಿಗಿದದ್ದು ಗಾಡಿ ಲಿಫ್ಟಿನ ಮೇಲಿದ್ದಾಗ, ಚಕ್ರಗಳು ಜೋತುಬಿದ್ದಿದ್ದಾಗ. ರಬ್ಬರ್ ಆ ಜೋತುಬಿದ್ದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಗಾಡಿ ಕೆಳಗಿಳಿದ ಕ್ಷಣದಿಂದ ಅದನ್ನು ಹಿಡಿದು ತಿರುಚುತ್ತಲೇ ಇದ್ದಂತೆ. ಹರಿಯದೆ ಇನ್ನೇನಾದೀತು!

"ಅಪ್ಪಾ... ಇದನ್ನ ನಂಗೆ ಹೇಳಿಕೊಡಲಿಲ್ಲ ನೀನು. ಮರೆತುಬಿಟ್ಟಿದ್ದಾ?"

'ಹೌದು ಅನ್ನಪ್ಪಾ' ಎಂದು ಅವಳ ಮನಸ್ಸು ಅಂಗಲಾಚಿತು.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದ. "ಮರೆಯೋಕೆ ನಂಗೇನು ಅರಳು ಮರಳಾ? ಹಠ ಮಾಡಿ ಕಲೀತೀನಿ ಅಂದೆ, ಕಲಿಸಿದೆ. ಒಂದು ಪಟ್ಟು ಉಳಿಸ್ಕೊಂಡೆ. ಇನ್ನೊಬ್ಬರ ಮನೆಗೆ ಹೋಗೋ ಮಗಳಿಗೆ ಪೂರ್ತಿ ವಿದ್ಯೆ ಯಾಕೆ? ಸೋತ್ರೆ ತಾನಾಗೇ ಬುದ್ಧಿ ಬರುತ್ತೆ ಅಂದ್ಕೊಂಡೆ. ಎಣ್ಣೆ ಹಚ್ಚು ಅಂದಿದ್ದೂ ಅದಕ್ಕೇ."

"ಒಳಗೆ ಮಗು ಇತ್ತಪ್ಪಾ!"

"ಏನೂ ಆಗಲಿಲ್ಲವಲ್ಲ. ಡಬ್ಬಿ ಅಲ್ಲಿಡು."

ಅವಳಿಗೆ ಅಳು ಬರಲಿಲ್ಲ. ಡಬ್ಬಿ ಅಲ್ಲಿಟ್ಟು ಹೊರನಡೆದಳು.

"ಅವನ ಹತ್ರ ಹೋದ್ಯೋ, ಈ ಹೊಸ್ತಿಲು ಮತ್ತೆ ತುಳಿಯೋ ಹಾಗಿಲ್ಲ! ಒಂದು ಪಾನಾನೂ ಮುಟ್ಟೋ ಹಾಗಿಲ್ಲ!"

ಅವಳು ತಿರುಗಿ ನೋಡಲಿಲ್ಲ. ರಸ್ತೆಯಲ್ಲಿದ್ದ ಮೆಕ್ಯಾನಿಕ್‌ಗಳನ್ನೆಲ್ಲ ಕೂಗಿ ಸೇರಿಸಿದಳು. ಟ್ಯಾಕ್ಸಿ ಮಾಮನೂ ಅಲ್ಲಿದ್ದ.

"ಮಾಲು ನಕಲಿ ಅಲ್ಲ. ಗಾಡಿ ಲಿಫ್ಟ್ ಮೇಲಿರುವಾಗಲೇ ನಾನು ಬೋಲ್ಟ್ ಬಿಗಿದೆ. ತಪ್ಪು ನಂದು. ಮಾಮಾ, ನಿಮ್ಮ ಮೊಮ್ಮಗು ಸಾಯ್ತಿದ್ದದ್ದು ನನ್ನ ಕೈಯಿಂದ."

"ಇಷ್ಟು ಗೊತ್ತಿಲ್ಲದವಳು ಮೇಸ್ತ್ರಿಯಂತೆ!" ಒಬ್ಬ ನಕ್ಕ.

ಗ್ಯಾರೇಜಿನ ಬಾಗಿಲಿನಿಂದ ಅಪ್ಪನ ದನಿಯೂ ಬಂತು. "ನಾನು ಮೊದಲೇ ಹೇಳಿದ್ದೆ, ಇವಳ ಕೈಲಿ ಆಗಲ್ಲ ಅಂತ!"

ಟ್ಯಾಕ್ಸಿ ಮಾಮ ಅವಳ ಮುಖ ನೋಡದೆ ಹೊರಟುಹೋದ. ಅದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಆ ಬೀದಿಯಲ್ಲಿ ಇನ್ನು ಯಾರೂ ತನ್ನ ಕೈಗೆ ಗಾಡಿ ಕೊಡುವುದಿಲ್ಲವೆಂದು ಅವಳಿಗೆ ಗೊತ್ತಾಯಿತು.

ಬುಷ್ಷಣ್ಣ ಸಾಮಾನುಗಳನ್ನು ಡಬ್ಬಗಳಿಗೆ ತುಂಬುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದರೂ ತಲೆ ಎತ್ತಲಿಲ್ಲ.

"ಹೋಗ್ತಿದೀಯಾ?"

"ಗಿರಾಕಿ ಇಲ್ಲದ ಅಂಗಡೀಲಿ ಕೂತು ಏನ್ ಮಾಡ್ಲಿ?"

"ಅಪ್ಪ ಬೇಕಂತಲೇ ಹೇಳಿಕೊಡಲಿಲ್ಲ..." ಅವಳು ಕೌಂಟರಿನ ಹತ್ತಿರ ಬಂದಳು. "ಅಪ್ಪ ಇಲ್ಲ ಅಂತ ನಿನ್ನ ಹಂಗಿಸಿದೆ. ಅಪ್ಪ ಇದ್ದೂ ನಂಗೇ ಏನೂ ಗೊತ್ತಿರ್ಲಿಲ್ಲ. ಕ್ಷಮಿಸು ಅನ್ನೋಕೂ ಮುಖ ಇಲ್ಲ ನಂಗೆ."

"ಮಾಲು ನಕಲಿ ಅಂದಿದ್ದು ಅವತ್ತೇ ಮರೆತೆ." ಅವನು ಡಬ್ಬದ ಮುಚ್ಚಳ ಮುಚ್ಚಿದ. "ಆದ್ರೆ ಆ ಮಾತು... ನಿಂಗೊಬ್ಬಳಿಗೇ ಹೇಳಿದ್ದನ್ನ ತಂದು ಎಲ್ಲರ ಮುಂದೆ ನನ್ನ ಮುಖಕ್ಕೆ ಎಸೆದೆಯಲ್ಲೇ! ಅಷ್ಟು ಕೆಟ್ಟವನಾಗಿ ಕಂಡ್ನಾ ನಾನು?"

ಅವನ ಕಣ್ಣಲ್ಲಿ ನೀರಿತ್ತು. ತಾನು ಏನು ಮಾಡಿದ್ದೇನೆಂದು ಅವಳಿಗೆ ಆಗ ಪೂರ್ತಿ ಅರ್ಥವಾಯಿತು. ಅಪ್ಪ ತನಗೆ ಮಾಡಿದ್ದಕ್ಕಿಂತ ಅದೇನೂ ಕಡಿಮೆಯದಾಗಿರಲಿಲ್ಲ.

"ನೀನು ಹೋಗು. ತಡೆಯೋ ಹಕ್ಕು ನಂಗಿಲ್ಲ. ಆದ್ರೆ ನಿನ್ನ ಮೇಲೆ ನಂಗಿರೋ ಪ್ರೀತಿ ಸುಳ್ಳಲ್ಲ. ಅದೊಂದನ್ನ ಹೇಳೋಕೆ ಬಂದೆ."

ಹೇಳಿ ತಿರುಗಿದಳು. ಎಲ್ಲಿಗೆ ಹೋಗಬೇಕೆಂದೇ ತಿಳಿಯದೆ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಎದುರಿಗೆ ಅಪ್ಪ ಶಟರ್ ಎಳೆಯುತ್ತಿದ್ದ.

"ಏಯ್..."

ಕರೆದದ್ದು ಹಿಂದಿನಿಂದ, ಬುಷ್ಷಣ್ಣ.

"ನಂಗಿನ್ನೂ ಕೋಪ ಹೋಗಿಲ್ಲ. ಬೇಗ ಹೋಗೋದೂ ಇಲ್ಲ."

"ಇರಲಿ. ಕಾಯ್ತೀನಿ."

"ನಿನ್ನ ಬಾಯಿ ಬೇರೆ ಸುಮ್ಮನಿರೋ ಬಾಯಲ್ಲ, ಇನ್ನೂ ಬೈತೀಯ. ಬೈಬೇಕು ಅನ್ಸಿದ್ರೆ ಬೀದೀಲಿ ಬೇಡ. ಮನೇಲಿ ಬೈ."

ಅವಳು ಕಣ್ಣೊರೆಸಿಕೊಂಡು ತಿರುಗಿದಳು. "ಮನೇಲಾ? ಯಾರ ಮನೇಲಿ?"

ಅವನು ಭಾರದ ಡಬ್ಬವೊಂದನ್ನು ಎತ್ತಿ ಅವಳ ಕೈಗಿಟ್ಟ.

"ನಮ್ಮನೇಲಿ ಕಣೇ."